ದೇಗಾಂವದ ಗುಡಿಯೂ ಕಿಲ್ಪೆಕ್ಕಿನ ಚರ್ಚೂ

ಪ್ರಾರ್ಥನೆಗಾಗಿ ಕಟ್ಟಿದ ಮನೆಯು ಆ ಊರಿನ ಉಳಿದ ಮನೆಗಳಿಗಿಂತ ಹೆಚ್ಚು ಕಾಲ ಬಾಳುವದೆಂಬುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿಯಾಗಿದೆ. ಅರಸರ ಅರಮನೆಗಳು ಹಾಳುಬಿದ್ದವು. ದೇಸಾಯರ ವಾಡೆಗಳು ಕುಸಿದವು. ಒಕ್ಕಲಿಗರ ಮಣ್ಣಿನ ಮನೆಗಳಂತೂ ತಲೆಮಾರಿಗೊಮ್ಮೆ ಬಿದ್ದು ತಲೆಮಾರಿಗೊಮ್ಮೆ ಎದ್ದವು. ಆದರೆ ಗುಡಿಯಾಗಲಿ, ಬಸದಿಯಾಗಲಿ, ಚರ್ಚಾಗಲಿ ಎಂಟುನೂರು ವರ್ಷ ಒಂದೇ ಸ್ಥಳದಲ್ಲಿ ನಿಂತಿರುವದನ್ನು ನಾವು ಕಾಣುತ್ತೇವೆ. ಇದಕ್ಕೆ ಕಲ್ಲಿನ ಗಟ್ಟಿತನವೊಂದೇ ಕಾರಣವೋ, ಅಥವಾ ಬೇರೆ ಯಾವುದಾದರೂ ಕಾರಣವುಂಟೋ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ನಮ್ಮ ಶಾಲೆಯ ಹೆಣ್ಣುಮಕ್ಕಳು ಇಂಗ್ಲಂಡದ ಇತಿಹಾಸವನ್ನೂ ಕಥೆಗಳನ್ನೂ ಓದುವಾಗ 'ಪ್ಯಾರಿಷ್ ಚರ್ಚು' ಎಂಬ ಮಾತು ಮೇಲಿಂದಮೇಲೆ ಬರುವದುಂಟು. ಒಬ್ಬ ಪಾದ್ರಿಯ ಪಾಲನೆಗೆ ಒಪ್ಪಿಸಿದ ಒಂದು ಊರು, ಇಲ್ಲವೆ ಒಂದೆರಡು ಚಿಕ್ಕ ಹಳ್ಳಿಗಳ ಕೂಟಕ್ಕೆ ಪ್ಯಾರಿಷ್ ಎಂದು ಹೆಸರು. ಅಲ್ಲಿಯ ಜನರು ತಮ್ಮ ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಕೊಟ್ಟು, ಅಲ್ಲಿಯೇ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ, ಅಲ್ಲಿಯೇ ಮದುವೆಯಾಗಿ, ಅದರ ಅಂಗಳದಲ್ಲಿಯೇ ಮಣ್ಣಾಗುವದು ಮಧ್ಯಯುಗದ ಕ್ರಮವಾಗಿತ್ತು. ಅಂಥ ಕಟ್ಟಡವು ಹೇಗಿತ್ತು, ಅದರೊಳಗಿನ ಸಜ್ಜುಗಳು ಯಾವವು ಎಂದು ತಿಳಿಯಬಯಸುವವರು ದೂರದ ಚಿತ್ರಪುಸ್ತಕಗಳನ್ನೇ ಹುಡುಕಬೇಕಾಗಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳಲ್ಲಿ ಅದೇ ಕಾಲದ ದೇವಾಲಯಗಳು ನಮ್ಮ ಕಣ್ಣೆದುರಿಗೇ ಇವೆ. ಇವುಗಳಲ್ಲೊಂದನ್ನು ಚೆನ್ನಾಗಿ ನೋಡಲು ಕಲಿತವಳಿಗೆ ಆ ಚರ್ಚೂ ಅರ್ಥವಾಗುವದು. ಆ ಚರ್ಚನ್ನು ಅರಿತವಳಿಗೆ ತನ್ನೂರಿನ ಗುಡಿಯೂ ಹೊಸದಾಗಿ ಕಾಣುವದು. ಆದುದರಿಂದ ಒಂದೇ ಶತಮಾನದಲ್ಲಿ ಕಟ್ಟಿದ ಎರಡು ಕಟ್ಟಡಗಳನ್ನು ಇಲ್ಲಿ ಜೊತೆಯಾಗಿ ವರ್ಣಿಸುತ್ತೇವೆ. ಒಂದು, ಕಿತ್ತೂರಿನಿಂದ ಕೆಲವೇ ಮೈಲು ದೂರದ ದೇಗಾಂವದ ಕಮಲನಾರಾಯಣ ದೇವಾಲಯ. ಇನ್ನೊಂದು, ಇಂಗ್ಲಂಡದ ಪಶ್ಚಿಮದಲ್ಲಿ ವೇಲ್ಸ್ ಗಡಿಗೆ ಸಮೀಪವಾಗಿರುವ ಹೆರಿಫರ್ಡ್ ಸೀಮೆಯ ಕಿಲ್ಪೆಕ್ ಎಂಬ ಹಳ್ಳಿಯ ಚರ್ಚು.

ಕಟ್ಟಿಸಿದವರು

ಹನ್ನೆರಡನೆಯ ಶತಮಾನದಲ್ಲಿ ಕಿತ್ತೂರಿನ ಸುತ್ತಲಿನ ನಾಡು ಗೋವೆಯ ಕದಂಬರ ಆಳಿಕೆಯಲ್ಲಿತ್ತು. ಆ ವಂಶದ ಪೆರ್ಮಾಡಿದೇವನು ಶಿವನಲ್ಲಿ ಮನಸ್ಸಿಟ್ಟವನಾದ್ದರಿಂದ ಶಿವಚಿತ್ತನೆಂದು ಹೆಸರುಗೊಂಡಿದ್ದನು. ಅವನ ರಾಣಿಯಾದ ಕಮಲಾದೇವಿಯು ದೇಗಾಂವೆಯನ್ನು ಅಗ್ರಹಾರವನ್ನಾಗಿ ಮಾಡಿ, ಅಲ್ಲಿ ಕಮಲನಾರಾಯಣನಿಗೂ ಮಹಾಲಕ್ಷ್ಮಿಗೂ ಆಲಯಗಳನ್ನು ಕಟ್ಟಿಸಿದಳೆಂದು ಅಲ್ಲಿಯ ಶಾಸನದಿಂದ ತಿಳಿದುಬರುವದು. ಶಾಸನದ ಕಾಲ ಕಲಿಯುಗದ 4275ನೆಯ ವರ್ಷ, ಅಂದರೆ ಕ್ರಿಸ್ತಶಕ 1174. ಕದಂಬರ ಈ ಶಾಖೆಯವರು ಶಕವರ್ಷಕ್ಕೆ ಬದಲಾಗಿ ಕಲಿವರ್ಷವನ್ನು ಬಳಸುತ್ತಿದ್ದುದು ಅವರ ಒಂದು ವಿಶೇಷ. ಗಂಡನು ಶಿವಭಕ್ತ, ಹೆಂಡತಿಯು ವಿಷ್ಣುವಿಗೆ ಗುಡಿ ಕಟ್ಟಿಸಿದವಳು. ಅದೂ ತನ್ನ ಹೆಸರನ್ನು ದೇವರ ಹೆಸರಿನ ಮುಂದೆ ಸೇರಿಸಿ. ಒಂದೇ ಶಾಸನವನ್ನು ಕನ್ನಡ ಅಕ್ಷರಗಳಲ್ಲಿಯೂ ನಾಗರಿ ಅಕ್ಷರಗಳಲ್ಲಿಯೂ ಕೆತ್ತಿಸಿರುವದು ಇನ್ನೊಂದು ವಿಶೇಷ. ಗಡಿನಾಡಿನಲ್ಲಿ ಎರಡು ಲಿಪಿಗಳವರೂ ಓದಬೇಕೆಂಬುದೇ ಅದರ ಉದ್ದೇಶವಾಗಿರಬೇಕು. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಸಾಹೇಬರು ಓದಿ ಪ್ರಕಟಿಸಿದರು.

ಕಟ್ಟಿದ ಶಿಲ್ಪಿಯ ಹೆಸರೂ ನಮಗೆ ತಿಳಿದಿರುವದು ಒಂದು ಭಾಗ್ಯವೇ ಸರಿ. ಅವನು ಬಂಕಾಪುರದ ತಿಪ್ಪೋಜ. ಬಂಕಾಪುರವೆಂದರೆ ನಗರೇಶ್ವರನ ಅರವತ್ತು ಕಂಬದ ಗುಡಿಯಿರುವ ಊರು. ಕನ್ನಡ ನಾಡಿನ ಓಜರು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿಡಲು ನಾಚಿದವರಲ್ಲ. ಕೈಕೆಲಸದವನಿಗೂ ಒಂದು ಹೆಸರಿದೆಯೆಂಬುದನ್ನು ಈ ನಾಡು ಬಲ್ಲದಾಗಿತ್ತು.

ಕಿಲ್ಪೆಕ್ಕಿನ ಚರ್ಚು ಸುಮಾರು 1140ರಲ್ಲಿ ಎದ್ದಿತು. ದೇಗಾಂವದ ಶಾಸನಕ್ಕಿಂತ ಒಂದು ತಲೆಮಾರು ಹಿಂದೆ. ಅದನ್ನು ಆ ಸೀಮೆಯ ಒಡೆಯನಾದ ಹ್ಯೂ ಎಂಬ ನಾರ್ಮನ್ ಸರದಾರನು ಕಟ್ಟಿಸಿದನೆಂದು ಹೇಳುವರು. ಆದರೆ ಅಲ್ಲಿಯ ಕೆಂಪು ಮರಳುಗಲ್ಲಿನಲ್ಲಿ ಅಷ್ಟು ಚೆಲುವಾದ ಕೆಲಸ ಮಾಡಿದ ಕೈಗಳಾರವೆಂಬುದು ಎಲ್ಲಿಯೂ ಬರೆದಿಲ್ಲ. ಅಲ್ಲಿ ಒಡೆಯನ ಹೆಸರು ಉಳಿಯಿತು, ಕಲ್ಲುಕುಟಿಗನದು ಅಳಿಯಿತು. ಇಲ್ಲಿ ರಾಣಿಯದೂ ಓಜನದೂ ಎರಡೂ ಉಳಿದವು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಕಿಲ್ಪೆಕ್ಕಿನ ಚರ್ಚಿನ ಪಕ್ಕದಲ್ಲಿಯೇ ಅದರ ಒಡೆಯರ ಕೋಟೆಯಿತ್ತು. ಈಗ ಅಲ್ಲಿ ಮಣ್ಣಿನ ದಿಬ್ಬದ ಮೇಲೆ ಗೋಡೆಯ ಒಂದೆರಡು ತುಂಡುಗಳ ಹೊರತು ಏನೂ ಉಳಿದಿಲ್ಲ. ಪೆರ್ಮಾಡಿದೇವನ ರಾಜಧಾನಿಯಾದ ಗೋಪಕಪಟ್ಟಣದ ಅರಮನೆಯ ಗತಿಯೂ ಹೀಗೆಯೇ ಆಯಿತು. ಎರಡು ಕಡೆಗಳಲ್ಲಿಯೂ ಕಾವಲಿದ್ದ ಕಟ್ಟಡವು ಹಾಳಾಗಿ, ಕಾವಲಿಲ್ಲದ ಕಟ್ಟಡವು ನಿಂತಿತು.

ಕಟ್ಟಡದ ಅಂಗಗಳು

ಮಧ್ಯಯುಗದ ಚರ್ಚಿಗೆ ಮುಖ್ಯವಾಗಿ ಎರಡು ಭಾಗಗಳು. ಜನರು ನಿಲ್ಲುವ ಉದ್ದನೆಯ ಸಭಾಗೃಹಕ್ಕೆ ನೇವ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಹಡಗಿಗಿರುವ ಶಬ್ದದಿಂದ ಇದು ಬಂದಿದೆ. ಸಂಸಾರಸಾಗರವನ್ನು ದಾಟಿಸುವ ನಾವೆಯೆಂಬ ಭಾವನೆಯು ನಮ್ಮವರಿಗೂ ಹೊಸದಲ್ಲ. ಅದರಿಂದಾಚೆ ಪೂರ್ವದಿಕ್ಕಿಗೆ ವೇದಿಯಿರುವ ಕೋಣೆಗೆ ಚಾನ್ಸೆಲ್ ಎನ್ನುವರು. ಕಿಲ್ಪೆಕ್ಕಿನಲ್ಲಿ ಇವೆರಡರ ತರುವಾಯ ಅರ್ಧವೃತ್ತಾಕಾರದ ಮೂರನೆಯ ಕೋಣೆಯೂ ಒಂದಿದೆ. ಹೀಗೆ ದೊಡ್ಡದು, ಅದಕ್ಕಿಂತ ಚಿಕ್ಕದು, ಎಲ್ಲಕ್ಕೂ ಚಿಕ್ಕದು ಎಂಬ ಕ್ರಮದಿಂದ ಮೂರು ಕೋಣೆಗಳು ಒಂದರ ಹಿಂದೊಂದು ಸಾಲಾಗಿ ಇರುವವು.

ನಮ್ಮ ದೇವಾಲಯದ ರಂಗಮಂಟಪ, ಅಂತರಾಳ, ಗರ್ಭಗುಡಿಗಳನ್ನು ಬಲ್ಲ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲೆಗೆ, ಗುಂಪಿನಿಂದ ಏಕಾಂತಕ್ಕೆ, ಮಾತಿನಿಂದ ಮೌನಕ್ಕೆ ಮನುಷ್ಯನನ್ನು ಮೆಲ್ಲಗೆ ಕರೆದೊಯ್ಯುವದೇ ಎರಡರ ಉದ್ದೇಶವು. ವ್ಯತ್ಯಾಸವಿರುವದು ಮುಖದಲ್ಲಿ. ನಮ್ಮ ಬಹುತರ ದೇವಾಲಯಗಳಲ್ಲಿ ದೇವರು ಪೂರ್ವಾಭಿಮುಖವಾಗಿರುವನು, ಭಕ್ತನು ಪಶ್ಚಿಮಕ್ಕೆ ತಿರುಗಿ ಕೈಮುಗಿಯುವನು. ಚರ್ಚಿನಲ್ಲಿ ಭಕ್ತನೇ ಸೂರ್ಯೋದಯದ ದಿಕ್ಕಿಗೆ ಮುಖಮಾಡಿ ನಿಲ್ಲುವನು. ಎರಡು ಕಡೆಗಳಲ್ಲಿಯೂ ಬೆಳಗಿನ ಬೆಳಕೇ ಕಟ್ಟಡಕ್ಕೆ ಅಳತೆಯನ್ನು ಹಾಕಿಕೊಟ್ಟಿದೆ.

ದೇಗಾಂವದಲ್ಲಿ ಗರ್ಭಗುಡಿಯು ಒಂದಲ್ಲ, ಮೂರು. ನಾರಾಯಣ, ಲಕ್ಷ್ಮೀನಾರಾಯಣ, ದೇವಿ ಎಂದು ಮೂರು ಗುಡಿಗಳು ಒಂದೇ ಸಾಲಿನಲ್ಲಿದ್ದು, ಅವುಗಳ ಮುಂದೆ ಅಡ್ಡಲಾಗಿ ಕಂಬಗಳ ಮಂಟಪವು ಹಬ್ಬಿರುವದು. ನಡುವಿನ ಮಂಟಪದ ಸುತ್ತ ಮೂರು ದಿಕ್ಕಿಗೆ ಮೂರು ಗುಡಿಗಳಿರುವ ತ್ರಿಕೂಟಗಳು ನಮ್ಮಲ್ಲಿ ಎಷ್ಟೋ ಇವೆ. ಆದರೆ ಹೀಗೆ ಸಾಲಾಗಿ ನಿಲ್ಲಿಸಿದವು ವಿರಳ.

ಕಟ್ಟುವ ವಿಧಾನದಲ್ಲಿ ಮಾತ್ರ ಇವೆರಡರ ನಡುವೆ ಸಮುದ್ರದಷ್ಟು ಅಂತರವಿದೆ. ನಮ್ಮ ಓಜರು ಕಮಾನನ್ನು ಕಟ್ಟಲಿಲ್ಲ. ಕಂಬವನ್ನು ನಿಲ್ಲಿಸಿ, ಅದರ ಮೇಲೆ ಬೋದಿಗೆಯನ್ನಿಟ್ಟು, ಬೋದಿಗೆಯ ಮೇಲೆ ತೊಲೆಯನ್ನು ಹೊರಿಸಿ, ತೊಲೆಯ ಮೇಲೆ ಚಪ್ಪಡಿಯನ್ನು ಹಾಸಿದರು. ಮೂಲೆಗಳಿಗೆ ಅಡ್ಡಲಾಗಿ ಕಲ್ಲುಗಳನ್ನಿಡುತ್ತ, ಚೌಕವನ್ನು ಚಿಕ್ಕದು ಮಾಡುತ್ತ ಹೋಗಿ, ಕೊನೆಗುಳಿದ ರಂಧ್ರಕ್ಕೆ ಕಮಲದ ಕಲ್ಲನ್ನು ಮುಚ್ಚಿದರು. ಸುಣ್ಣದ ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕೂಡುವಂತೆ ಅರೆದು, ತೂಕದಿಂದಲೇ ತೂಕವನ್ನು ಹಿಡಿದರು. ಇಂಗ್ಲಂಡದವರು ಸುಣ್ಣದ ಗಾರೆಯಿಂದ ದಪ್ಪ ಗೋಡೆಯನ್ನು ಕಟ್ಟಿ, ಬಾಗಿಲು ಕಿಟಕಿಗಳಿಗೆ ಅರ್ಧಚಂದ್ರಾಕಾರದ ಕಮಾನುಗಳನ್ನು ತಿರುವಿ, ಸಭಾಗೃಹಕ್ಕೆ ಕಟ್ಟಿಗೆಯ ಮಾಡನ್ನು ಹೊದಿಸಿದರು. ಕಮಾನಿನ ಕಲ್ಲುಗಳು ಪಕ್ಕಕ್ಕೆ ದೂಡುವವಾದ್ದರಿಂದ ಅವರ ಗೋಡೆಗಳು ದಪ್ಪವಾಗಬೇಕಾಯಿತು. ನಮ್ಮ ತೊಲೆಗಳು ನೆಟ್ಟಗೆ ಕೆಳಕ್ಕೆ ಒತ್ತುವವಾದ್ದರಿಂದ ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕಾಯಿತು. ಅಲ್ಲಿ ಬಯಲು ದೊರೆಯಿತು, ಇಲ್ಲಿ ಕಂಬಗಳ ವನವು ದೊರೆಯಿತು.

ಕಲ್ಲಿನ ಗುಣವೂ ಕೆಲಸವನ್ನು ನಿರ್ಣಯಿಸುವದು. ಸವದತ್ತಿ ರಾಮದುರ್ಗಗಳ ಗುಡ್ಡಗಳು ಮರಳುಗಲ್ಲಿನವು. ಬಾದಾಮಿ ಪಟ್ಟದಕಲ್ಲುಗಳ ಹಳೆಯ ಕೆಲಸವು ಅಂಥ ಕಲ್ಲಿನದೇ. ಹನ್ನೊಂದನೆಯ ಶತಮಾನದಿಂದೀಚೆಗೆ ಧಾರವಾಡ ಸೀಮೆಯ ಓಜರು ಬಳಪದ ಜಾತಿಯ ಮೆತ್ತನೆಯ ಕಲ್ಲಿಗೆ ಒಲಿದರು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನಿಂದಲೇ ತಿರುಗಣಿಗೆ ಹಿಡಿದಂತೆ ದುಂಡಾದ ಕಂಬಗಳೂ, ಒಡವೆಯಂತೆ ಸಣ್ಣದಾದ ಕುಸುರಿಯೂ ಸಾಧ್ಯವಾದವು.

ಸಜ್ಜುಗಳು

ಕಟ್ಟಡವನ್ನು ನೋಡಿದವರು ಸಜ್ಜುಗಳನ್ನು ನೋಡದೆ ಮರಳಬಾರದು; ಜನರು ಅಲ್ಲಿ ಹೇಗೆ ಬದುಕಿದರೆಂಬುದನ್ನು ಹೇಳುವವು ಅವೇ.

ಬಾಗಿಲಿನಿಂದ ಆರಂಭಿಸೋಣ. ಚಾಲುಕ್ಯರ ಕಾಲದ ಗುಡಿಯ ಬಾಗಿಲವಾಡಕ್ಕೆ ಒಂದರೊಳಗೊಂದು ಶಾಖೆಗಳು. ಬಳ್ಳಿ, ರತ್ನ, ಕಂಬ, ಸಿಂಹ ಹೀಗೆ ಒಂದೊಂದಕ್ಕೆ ಒಂದೊಂದು ಚಿತ್ತಾರ. ಮೇಲಿನ ಪಟ್ಟಿಯ ನಡುವೆ ಹೆಚ್ಚಾಗಿ ಗಜಲಕ್ಷ್ಮಿ. ಕಿಲ್ಪೆಕ್ಕಿನ ದಕ್ಷಿಣದ ಬಾಗಿಲೂ ಇಂಥದೇ. ಅದರ ಕಂಬಗಳ ಮೇಲೆ ಬಳ್ಳಿಗಳ ನಡುವೆ ಸಿಕ್ಕಿಕೊಂಡ ಯೋಧರು, ಒಂದರ ಬಾಲವನ್ನೊಂದು ಕಚ್ಚಿದ ಸರ್ಪಗಳು. ಬಾಗಿಲ ನೆತ್ತಿಯ ಅರ್ಧಚಂದ್ರದಲ್ಲಿ ಜೀವವೃಕ್ಷ. ನಮ್ಮ ಮಕರತೋರಣವನ್ನೂ ಕೀರ್ತಿಮುಖವನ್ನೂ ಕಂಡವರಿಗೆ ಆ ರಾಕ್ಷಸಮುಖಗಳು ಪರಿಚಿತರಂತೆ ಕಾಣುವವು. ಅದರ ಸೂರಿನ ಕೆಳಗೆ ಚಾಚಿಕೊಂಡ 80ಕ್ಕೂ ಮೇಲ್ಪಟ್ಟ ಕಲ್ಲಿನ ಗೂಟಗಳಿಗೆಲ್ಲ ಒಂದೊಂದು ಮುಖ. ಅವುಗಳಲ್ಲೊಂದರಲ್ಲಿ ನಾಯಿಯೂ ಮೊಲವೂ ಒತ್ತಾಗಿ ಕುಳಿತು ಹೊರಗೆ ಇಣುಕುತ್ತಿರುವವು. ಭಕ್ತಿಯ ಮನೆಯಲ್ಲಿ ನಗೆಗೂ ಸ್ಥಳವುಂಟೆಂದು ಎರಡು ನಾಡುಗಳ ಕಲ್ಲುಕುಟಿಗರೂ ಬಲ್ಲವರಾಗಿದ್ದರು.

ಬಾಗಿಲ ಬಳಿಯಲ್ಲಿಯೇ ಚರ್ಚಿನ ಮೊದಲನೆಯ ಸಜ್ಜು ಇರುವದು. ಅದು ದೀಕ್ಷಾಸ್ನಾನದ ಕಲ್ಲಿನ ಬಾನಿ. ಸಭೆಯೊಳಕ್ಕೆ ಬರುವದೇ ದೀಕ್ಷಾಸ್ನಾನದಿಂದಾದ್ದರಿಂದ ಅದರ ಸ್ಥಳವು ಹೊಸ್ತಿಲ ಸಮೀಪವೇ ಆಯಿತು. ಕಿಲ್ಪೆಕ್ಕಿನ ಬಾನಿಯು ಗುಂಡುಕಲ್ಲುಗಳು ಕೂಡಿ ಗಟ್ಟಿಗೊಂಡಂಥ ಕಲ್ಲಿನಲ್ಲಿ ಕಡೆದ ದೊಡ್ಡ ಬಟ್ಟಲು. ಆ ನೀರನ್ನು ಮಾಟಮಂತ್ರದವರು ಕದ್ದೊಯ್ಯದಂತೆ ಬಾನಿಗಳಿಗೆ ಮುಚ್ಚಳವಿಟ್ಟು ಬೀಗ ಹಾಕಬೇಕೆಂದು 1236ರಲ್ಲಿ ಇಂಗ್ಲಂಡದ ಆರ್ಚ್‌ಬಿಷಪ್ಪರು ವಿಧಿಸಿದ್ದರು.

ಸಭಾಗೃಹಕ್ಕೂ ವೇದಿಗೂ ನಡುವೆ ಒಂದು ಜಾಲರಿಯ ತೆರೆಯನ್ನಿಡುವದು ಮಧ್ಯಯುಗದ ಚರ್ಚುಗಳ ಪದ್ಧತಿಯಾಯಿತು. ಚಾನ್ಸೆಲ್ ಎಂಬ ಶಬ್ದದ ಮೂಲಾರ್ಥವೇ ಜಾಲರಿ ಎಂದು. ಜನರು ಅದರ ಸಂದಿನಿಂದ ಪೂಜಾವಿಧಿಯನ್ನು ಕಾಣಬಹುದು, ಆದರೆ ದಾಟಲಾಗದು. ನಮ್ಮ ಗುಡಿಗಳ ಅಂತರಾಳದ ಬಾಗಿಲಿನ ಎರಡು ಮಗ್ಗುಲಿಗೆ ರಂಧ್ರಗಳಿರುವ ಜಾಲಂಧ್ರದ ಕಲ್ಲುಗಳನ್ನು ನಿಲ್ಲಿಸಿರುವರಲ್ಲವೇ? ಅವುಗಳ ಕೆಲಸವೂ ಇದೇ. ತೋರಿಸುವದು ಮತ್ತು ತಡೆಯುವದು ಇವೆರಡನ್ನೂ ಒಂದೇ ಕಲ್ಲು ಮಾಡುವದು.

ಕುಳಿತುಕೊಳ್ಳುವ ಅನುಕೂಲವು ಎಂಥದಿತ್ತು? ಮಧ್ಯಯುಗದ ಬಹುಕಾಲದವರೆಗೆ ಚರ್ಚಿನಲ್ಲಿ ಬೆಂಚುಗಳೇ ಇರಲಿಲ್ಲ. ಜನರು ಆಪುಹುಲ್ಲು ಹಾಸಿದ ನೆಲದ ಮೇಲೆ ನಿಲ್ಲುತ್ತಿದ್ದರು, ಇಲ್ಲವೆ ಮೊಣಕಾಲೂರುತ್ತಿದ್ದರು. ಮುದುಕರೂ ಅಶಕ್ತರೂ ಗೋಡೆಗೆ ಹತ್ತಿದ ಕಲ್ಲಿನ ಕಟ್ಟೆಯನ್ನು ಆಶ್ರಯಿಸುತ್ತಿದ್ದರು. ಕಟ್ಟಿಗೆಯ ಬೆಂಚುಗಳು ಸಾಧಾರಣವಾದದ್ದು ಹದಿನೈದನೆಯ ಶತಮಾನದಲ್ಲಿ. ಆದರೆ ನಮ್ಮ ತೆರೆದ ಮಂಟಪಗಳಲ್ಲಿ ಸುತ್ತಲೂ ಕಕ್ಷಾಸನವಿರುವದು. ಬೆನ್ನಿಗೆ ಒರಗುವಂತೆ ಹೊರಕ್ಕೆ ಬಾಗಿದ ಕಲ್ಲು, ಅದರ ಹೊರಮೈಯ ಮೇಲೆ ಕೆತ್ತನೆ. ಹೊರಗೆ ನಿಂತವರಿಗೆ ಅದು ಚಿತ್ರಪಟ, ಒಳಗೆ ಕುಳಿತವರಿಗೆ ಒರಗುದಿಂಬು. ಪುರಾಣ ಕೇಳುವದು, ಮಹಾಜನರು ಸೇರಿ ಊರ ನ್ಯಾಯ ಬಗೆಹರಿಸುವದು, ದಾರಿಗರು ವಿಶ್ರಮಿಸುವದು ಎಲ್ಲವೂ ಅಂಥ ಮಂಟಪಗಳಲ್ಲಿ ನಡೆದವು.

ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಗೆ ಹರಿಯಲು ಪ್ರಣಾಳವಿರುವಂತೆ, ಚರ್ಚಿನಲ್ಲಿಯೂ ವೇದಿಯ ಮಗ್ಗುಲಿನ ಗೋಡೆಯೊಳಗೆ ಪಾತ್ರೆ ತೊಳೆದ ನೀರು ಹೋಗುವ ಚಿಕ್ಕ ಕಲ್ಲಿನ ಬಟ್ಟಲೊಂದಿರುತ್ತಿತ್ತು. ಪವಿತ್ರವಾದ ನೀರು ತುಳಿಯುವ ನೆಲಕ್ಕೆ ಬೀಳಬಾರದೆಂಬ ಎಚ್ಚರವು ಎರಡು ಕಡೆಗಳಲ್ಲಿಯೂ ಒಂದೇ. ಓದುಬಾರದ ಜನರಿಗಾಗಿ ಅವರು ಗೋಡೆಗಳ ಮೇಲೆ ಸತ್ಯವೇದದ ಕಥೆಗಳನ್ನೂ ಅಂತ್ಯನ್ಯಾಯದ ದಿನವನ್ನೂ ಬಣ್ಣದಲ್ಲಿ ಬರೆಯಿಸಿದರು. ನಮ್ಮವರು ರಾಮಾಯಣ ಭಾರತಗಳನ್ನು ಕಲ್ಲಿನ ಪಟ್ಟಿಕೆಗಳಲ್ಲಿ ಕೆತ್ತಿಸಿದರು.

ನಮ್ಮ ಸೀಮೆಯಲ್ಲಿ ಆ ಇಂಗ್ಲಿಷ್ ಮಾದರಿಯನ್ನು ಕಣ್ಣಾರೆ ನೋಡಬಯಸುವವರು ಬೆಳಗಾವಿಯ ದಂಡಿನ ಪ್ರದೇಶದಲ್ಲಿರುವ ಸೇಂಟ್ ಮೇರಿ ದೇವಾಲಯಕ್ಕೆ ಹೋಗಬಹುದು. ಅದು 1869ರಲ್ಲಿ ಪ್ರತಿಷ್ಠೆಯಾದದ್ದು. ಆದರೂ ಅದರ ಚೂಪುಕಮಾನಿನ ಗಾಥಿಕ್ ರೀತಿಯು ಮಧ್ಯಯುಗದ್ದೇ. 1820ರಲ್ಲಿ ಲಂಡನ್ ಮಿಶನ್ನಿನವರು ಬೆಳಗಾವಿಗೆ ಬಂದ ತರುವಾಯ, ಮತ್ತು 1904ರಲ್ಲಿ ಆ ಕೆಲಸವನ್ನು ಅಮೇರಿಕದ ಮೆಥೊಡಿಸ್ಟರು ವಹಿಸಿಕೊಂಡ ತರುವಾಯ ಈ ಸೀಮೆಯ ಹಳ್ಳಿಗಳಲ್ಲಿ ಎದ್ದ ಪ್ರಾರ್ಥನಾಮಂದಿರಗಳಾದರೋ ಬಹು ಸರಳವಾದವು. ಅಲ್ಲಿ ಜಾಲರಿಯಿಲ್ಲ, ಪ್ರಸಂಗಪೀಠವೂ ಕರ್ತನ ಭೋಜನದ ಮೇಜೂ ಎಲ್ಲರ ಕಣ್ಣೆದುರಿಗೆ ಇರುವವು.

ಹೊಸ್ತಿಲಿನ ಮಾತು

ಜಾಲಂಧ್ರದ ಕಲ್ಲನ್ನು ವರ್ಣಿಸಿ, ಹೊಸ್ತಿಲಿನ ವಿಷಯವನ್ನು ಮುಚ್ಚಿಡುವದು ನ್ಯಾಯವಲ್ಲ. ಕಂಬದ ಮಂಟಪದವರೆಗೂ ಬರುವ ಅಧಿಕಾರವು ನಮ್ಮ ನಾಡಿನಲ್ಲಿ ಎಲ್ಲರಿಗೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಕಲಿತ ಎಷ್ಟೋ ಜನ ಹೆಣ್ಣುಮಕ್ಕಳ ಹಿರಿಯರು ಕಲ್ಲು ಕಡಿದು, ಹೊತ್ತು, ಅಂಗಳ ಗುಡಿಸಿದವರಾದರೂ ಒಳಗಿನ ಕಮಲದ ಛತ್ತನ್ನು ತಲೆಯೆತ್ತಿ ನೋಡಿದವರಲ್ಲ. ಚರ್ಚುಗಳವರು ಇದರಿಂದ ಹೆಮ್ಮೆಪಡಬೇಕಾಗಿಲ್ಲ. ಅಲ್ಲಿ ಒಡೆಯನಿಗೊಂದು ಸ್ಥಳ, ಆಳಿಗೊಂದು ಸ್ಥಳವಿತ್ತು. ನಮ್ಮ ದೇಶದ ಕೆಲವು ಸಭೆಗಳಲ್ಲಿ ಜಾತಿಯ ನೆರಳು ಬೆಂಚುಗಳವರೆಗೂ ಬಂದಿತ್ತು. ಈ ಸೀಮೆಯು ಮುಂಬಯಿ ಪ್ರಾಂತದಲ್ಲಿದ್ದಾಗ, 1947ರಲ್ಲಿ ಹರಿಜನ ದೇವಾಲಯ ಪ್ರವೇಶದ ಕಾಯಿದೆಯಾಗಿ ಗುಡಿಗಳ ಬಾಗಿಲು ಕಾನೂನಿನ ಮಟ್ಟಿಗೆ ಎಲ್ಲ ಹಿಂದೂಗಳಿಗೆ ತೆರೆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. ಆ ಕಂಬಗಳ ಚೆಲುವು ಈಗ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಬಾಗಿಲು ಎಲ್ಲರಿಗೂ ತೆರೆದ ದಿನವೇ ಕಾಯುವ ಹೊಣೆಯೂ ಎಲ್ಲರ ಮೇಲೆ ಬಿದ್ದಿತೆಂಬುದನ್ನು ನಾವು ಮರೆಯಬಾರದು.

ಕಾಯ್ದವರು

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರುವೆವು. ಈ ಮನೆಗಳು ಇಷ್ಟು ಕಾಲ ಹೇಗೆ ನಿಂತವು?

ಇಂಗ್ಲಂಡದಲ್ಲಿ ಒಂದು ಸ್ಪಷ್ಟವಾದ ಕಟ್ಟಳೆಯಿತ್ತು. ಚಾನ್ಸೆಲಿನ ದುರಸ್ತಿಯು ದಶಮಾಂಶವನ್ನು ಪಡೆಯುವ ಪಾದ್ರಿಯ ಪಾಲಿಗೆ; ನೇವಿನ ದುರಸ್ತಿಯು ಅದರಲ್ಲಿ ನಿಲ್ಲುವ ಜನರ ಪಾಲಿಗೆ. ಸುಮಾರು 1305ರ ಒಂದು ವಿಧಿಯಲ್ಲಿ ಜನರು ಒದಗಿಸಬೇಕಾದ ಸಜ್ಜುಗಳ ಪಟ್ಟಿಯೇ ಇದೆ. ಪುಸ್ತಕಗಳು, ವಸ್ತ್ರಗಳು, ಪಾತ್ರೆ, ಬೀಗವುಳ್ಳ ಬಾನಿ, ಹಗ್ಗಗಳೊಡನೆ ಗಂಟೆಗಳು. ಇದಕ್ಕಾಗಿ ಜನರು ತಮ್ಮಲ್ಲಿಯೇ ಇಬ್ಬರು ಪಾರುಪತ್ಯಗಾರರನ್ನು ಆರಿಸಿ ಲೆಕ್ಕವಿಡಿಸುತ್ತಿದ್ದರು. ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕಾದುದೇನೆಂದರೆ, ಈ ಲೆಕ್ಕಗಳಲ್ಲಿ ಹುಡುಗಿಯರ ಭಾಗವೂ ಇರುವದು. ಡೆವನ್ ಸೀಮೆಯ ಮೋರ್‌ಬಾತ್ ಎಂಬ ಬಡ ಹಳ್ಳಿಯಲ್ಲಿ 1520ರಿಂದ ನಡೆದುಬಂದ ಲೆಕ್ಕದಲ್ಲಿ ಊರ ಕನ್ಯೆಯರ ನಿಧಿಯೊಂದು ಬೇರೆಯೇ ಇದ್ದು, ಅವರು ಕೂಡಿಸಿದ ಕಾಸಿನಿಂದ ಚರ್ಚಿನ ದೀಪಗಳು ಉರಿಯುತ್ತಿದ್ದವು. ಎಷ್ಟೋ ಊರುಗಳಲ್ಲಿ ಹೆಂಗಸರು ಸಾಯುವಾಗ ತಮ್ಮ ಒಳ್ಳೆಯ ವಸ್ತ್ರವನ್ನು ವೇದಿಯ ಹಾಸಿಗೆಂದು ಬರೆದಿಟ್ಟು ಹೋಗುತ್ತಿದ್ದರು.

ನಮ್ಮ ಶಾಸನಗಳೂ ಇದೇ ಮಾತನ್ನು ತಮ್ಮ ರೀತಿಯಿಂದ ಹೇಳುವವು. ದತ್ತಿಯನ್ನು ಬಿಡುವಾಗ ಅಂಗಭೋಗ, ರಂಗಭೋಗ, ಅನ್ನದಾನ, ವಿದ್ಯಾದಾನಗಳ ಜೊತೆಯಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಬಾಬನ್ನು ತಪ್ಪದೆ ಸೇರಿಸುವರು. ಮುರಿದದ್ದನ್ನೂ ಬಿರಿದದ್ದನ್ನೂ ಹಳತಾದದ್ದನ್ನೂ ಸರಿಪಡಿಸುವದಕ್ಕೆಂದೇ ಹೊಲವನ್ನು ಬಿಟ್ಟರೆಂದು ಅದರ ಅರ್ಥ. ಗುಡಿಯು ಹೊಸದಾಗಿ ಬೆಳಗುತ್ತಿದ್ದ ದಿನದಲ್ಲಿಯೇ ಅದು ಬಿರಿಯುವ ದಿನವನ್ನು ನೆನೆದ ಆ ಹಿರಿಯರ ದೂರದೃಷ್ಟಿಯು ಮೆಚ್ಚತಕ್ಕದ್ದು. ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳೂ, ದಾನ ಕೊಡುವದಕ್ಕಿಂತ ಮತ್ತೊಬ್ಬರು ಕೊಟ್ಟುದನ್ನು ಕಾಯುವದೇ ಮೇಲೆಂಬ ಅಭಿಪ್ರಾಯವನ್ನು ಬೋಧಿಸುವವು.

ಆದರೆ ಕಾಲಕ್ರಮದಲ್ಲಿ ಅರಸುಮನೆತನಗಳು ಅಳಿದವು; ದತ್ತಿಯ ಭೂಮಿಗಳು ಕೈ ಬದಲಾದವು; ಜೀರ್ಣೋದ್ಧಾರದ ಬಾಬು ಕಲ್ಲಿನಲ್ಲಿ ಮಾತ್ರ ಉಳಿಯಿತು. ಸವದತ್ತಿಗೆ ಸಮೀಪದ ಹೂಲಿಯನ್ನು ನೋಡಿದವರಿಗೆ ಇದರ ಫಲವು ತಿಳಿದಿರುವದು. ಹಿಂದೆ ಪೂಲಿಯೆಂದು ಹೆಸರಾದ ಆ ಅಗ್ರಹಾರದಲ್ಲಿ ಪಂಚಲಿಂಗೇಶ್ವರನ ದೊಡ್ಡ ಗುಡಿಯು ನೆಟ್ಟಗೆ ನಿಂತಿದ್ದರೂ, ಅದರ ನೆರೆಹೊರೆಯ ಗುಡಿಗಳು ಎಷ್ಟೋ ಹಾಳುಬಿದ್ದಿವೆ. ಅವೂ ಅದೇ ಗುಡ್ಡದ ಮಗ್ಗುಲಲ್ಲಿ ಕಟ್ಟಿದವುಗಳೇ. ಆದ್ದರಿಂದ ಕಲ್ಲಿನ ಗಟ್ಟಿತನವೊಂದೇ ಕಾರಣವಲ್ಲ. ದಿನವೂ ಕಸ ಗುಡಿಸುವವರಿದ್ದ ಗುಡಿಯು ಉಳಿಯಿತು, ಇಲ್ಲದ ಗುಡಿಯು ಬಿದ್ದಿತು.

ಬೀಳುವದು ಹೇಗೆಂಬುದನ್ನೂ ತಿಳಿಯಬೇಕು. ಹಕ್ಕಿಯು ತಂದ ಅರಳಿಯ ಬೀಜವೊಂದು ಶಿಖರದ ಸಂದಿನಲ್ಲಿ ಮೊಳೆಯುವದು. ಎರಡೆಲೆಯ ಸಸಿಯಾಗಿರುವಾಗ ಬೆರಳಿನಿಂದ ಕೀಳಬಹುದು. ಗಾರೆಯಿಲ್ಲದ ಕಲ್ಲುಗಳ ನಡುವೆ ಬೇರು ಇಳಿದು ದಪ್ಪವಾದ ಮೇಲೆ ಅದು ಗಡಾರಿಯಂತೆ ಕಲ್ಲುಗಳನ್ನು ಬಗೆಯುವದು. ಆಗ ಅದನ್ನು ಕಿತ್ತರೂ ಗೋಡೆ ಬೀಳುವದು, ಬಿಟ್ಟರೂ ಬೀಳುವದು. ಮಾಳಿಗೆಯ ಮೇಲೆ ನೀರು ನಿಂತು ಒಸರಿ ತೊಲೆಯನ್ನು ಸವೆಯಿಸುವದು. ಇವು ಅಲಕ್ಷ್ಯದ ಕೆಡಕುಗಳು.

ಪ್ರೀತಿಯಿಂದಾಗುವ ಕೆಡಕುಗಳೂ ಉಂಟು. ಅವು ಇನ್ನೂ ಹೆಚ್ಚಿನವು. ಜಾತ್ರೆಗೆಂದು ವರ್ಷವರ್ಷಕ್ಕೆ ಬಳಿದ ಸುಣ್ಣದಲ್ಲಿ ಕುಸುರಿಯೂ ಶಾಸನದ ಅಕ್ಷರವೂ ಮುಚ್ಚಿಹೋಗುವವು. ಎಣ್ಣೆಬಣ್ಣವನ್ನು ಬಳಿದರೆ ಕಲ್ಲಿನೊಳಗಿನ ತೇವವು ಹೊರಬರಲಾರದೆ ಮೇಲಿನ ಪದರು ಚಕ್ಕೆ ಏಳುವದು. ಹಳೆಯ ಸಂದುಗಳಿಗೆ ಸಿಮೆಂಟು ಮೆತ್ತಿದರೂ ಹೀಗೆಯೇ. ಸಿಮೆಂಟು ಕಲ್ಲಿಗಿಂತ ಗಟ್ಟಿಯಾಗಿ, ನೀರನ್ನೂ ಉಪ್ಪನ್ನೂ ಕಲ್ಲಿನೊಳಕ್ಕೇ ತಳ್ಳುವದು. ಇಂಗ್ಲಂಡದಲ್ಲಿಯೂ ಸುಣ್ಣದ ಕಥೆಯೊಂದಿದೆ. ಮತಸುಧಾರಣೆಯ ಕಾಲದಲ್ಲಿ, 1547ರಿಂದೀಚೆಗೆ, ಚರ್ಚಿನ ಚಿತ್ರಗಳೆಲ್ಲ ಮೂರ್ತಿಪೂಜೆಗೆ ಕಾರಣವೆಂದು ಬಗೆದು ಗೋಡೆಗಳಿಗೆ ಸುಣ್ಣ ಬಳಿಸಿದರು. ಸ್ಟ್ರ್ಯಾಟ್‌ಫರ್ಡ್ ಊರಿನ ಸಂಘದ ಚಾಪೆಲಿನಲ್ಲಿ ಹೀಗೆ ಸುಣ್ಣ ಬಳಿಸಿದ ಖರ್ಚನ್ನು 1564ರ ಸುಮಾರಿಗೆ ಲೆಕ್ಕಕ್ಕೆ ಬರೆದವನು ಶೇಕ್ಸ್‌ಪಿಯರ್ ಕವಿಯ ತಂದೆಯೇ. ಎರಡುನೂರು ವರ್ಷಗಳ ಮೇಲೆ, 1804ರಲ್ಲಿ, ಆ ಸುಣ್ಣವನ್ನು ಕೆರೆದಾಗ ಚಿತ್ರಗಳು ಮತ್ತೆ ಕಂಡವು. ಬಣ್ಣದ ಚಿತ್ರಕ್ಕೆ ಸುಣ್ಣವು ಅಕಸ್ಮಾತ್ತಾಗಿ ಹೊದಿಕೆಯಾಯಿತು. ಆದರೆ ಉಳಿಯಿಂದ ಕೆರೆಯುವಾಗ ಸವೆದ ಕಲ್ಲಿನ ಅಕ್ಷರಕ್ಕೆ ಅಂಥ ಪುನರ್ಜನ್ಮವಿಲ್ಲ.

ನಮ್ಮ ವಿನಂತಿ

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈ ನಾಲ್ಕು ಸೀಮೆಗಳ ಊರುಗಳಲ್ಲಿ ಗೃಹಿಣಿಯರಾಗಿಯೂ, ಶಿಕ್ಷಕಿಯರಾಗಿಯೂ, ದಾದಿಯರಾಗಿಯೂ ಇದ್ದೀರಿ. ಸೊಗಲದ ಸೋಮೇಶ್ವರನ ಝರಿಗೆ ಮಕ್ಕಳನ್ನು ಕರೆದೊಯ್ಯುವಾಗ, ತೊರಗಲ್ಲಿನ ಭೂತನಾಥನ ಗುಡಿಯ ಮುಂದೆ ಹಾಯುವಾಗ, ಕಿತ್ತೂರಿನ ಕೋಟೆಯನ್ನೂ ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿಯನ್ನೂ ನೋಡಲು ಬಂದಾಗ ದೇಗಾಂವದವರೆಗೆ ಹೋಗಿಬನ್ನಿರಿ. ಯಾರ ಭಕ್ತಿಗೂ ನೋವಾಗದಂತೆ, ಅಲ್ಲಿಯ ರೀತಿಗಳನ್ನು ಗೌರವಿಸಿ, ನಿಧಾನವಾಗಿ ನೋಡಿರಿ. ಮೊದಲು ಹೊರಗಿನಿಂದ ಒಂದು ಸುತ್ತು, ತರುವಾಯ ಬಾಗಿಲವಾಡ, ಆಮೇಲೆ ಒಳಗೆ ನಿಂತು ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತಲೆಯೆತ್ತಿ ಛತ್ತು. ಮಕ್ಕಳಿಗೆ ಕಂಬಗಳನ್ನು ಎಣಿಸಲು ಹೇಳಿರಿ. ಒಂದರಂತೆ ಇನ್ನೊಂದು ಇರುವದೋ ಎಂದು ಕೇಳಿರಿ. ಯಾರೂ ಕಲ್ಲಿನ ಮೇಲೆ ಹೆಸರು ಕೊರೆಯದಂತೆ ನೋಡಿಕೊಳ್ಳಿರಿ. ತಿಪ್ಪೋಜನು ಒಂದು ದೇವಾಲಯವನ್ನು ಕಟ್ಟಿ ತನ್ನ ಹೆಸರನ್ನು ಬರೆದನು. ಅಷ್ಟು ಕೆಲಸ ಮಾಡಿದವರು ಮಾತ್ರ ಬರೆಯಲಿ.

ನಿಮ್ಮ ಊರಿನ ಹಳೆಯ ಗುಡಿಯ ಬಳಿ ಶಾಸನದ ಕಲ್ಲೊಂದು ಬಟ್ಟೆ ಒಗೆಯುವ ಬಂಡೆಯಾಗಿದ್ದರೆ ಪಂಚಾಯಿತಿಯವರಿಗೆ ತಿಳಿಸಿ ಅದನ್ನು ನೆರಳಿಗೆ ಸೇರಿಸಿರಿ. ಗುಡಿಗೆ ಬಣ್ಣ ಬಳಿಯುವ ಮಾತು ಬಂದಾಗ ಪ್ರಾಚ್ಯವಸ್ತು ಇಲಾಖೆಯವರನ್ನು ಮೊದಲು ಕೇಳಬೇಕೆಂದು ಹಿರಿಯರಿಗೆ ಹೇಳಿರಿ. ಸರಕಾರವು ಸಂರಕ್ಷಿತವೆಂದು ಸಾರಿದ ಕಟ್ಟಡಗಳನ್ನು ಕೆಡಿಸುವದು ಕಾಯಿದೆಯಿಂದ ಅಪರಾಧವಾಗಿದೆ. ಆದರೆ ಕಾಯಿದೆಯು ಎರಡೆಲೆಯ ಅರಳಿ ಸಸಿಯನ್ನು ಕೀಳಲು ಬರುವದಿಲ್ಲ. ನಮ್ಮ ಸ್ವಂತ ಪ್ರಾರ್ಥನಾಮಂದಿರಗಳ ವಿಷಯದಲ್ಲಿಯೂ ಇದೇ ಮಾತು. ಹಂಚು ಒಡೆದರೆ ಮಳೆಗಾಲಕ್ಕೆ ಮುಂಚೆ ಹೊದಿಸುವದು, ಹಿರಿಯರು ಕೊಟ್ಟ ಬೆಂಚಿಗೆ ಗೆದ್ದಲು ಹತ್ತದಂತೆ ನೋಡುವದು, ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು ಒಣ ಪೆಟ್ಟಿಗೆಯಲ್ಲಿಡುವದು ಇವೆಲ್ಲ ಜೀರ್ಣೋದ್ಧಾರವೇ.

ಕಮಲಾದೇವಿಯಂತೆ ಗುಡಿ ಕಟ್ಟಿಸುವ ಐಶ್ವರ್ಯವು ಎಲ್ಲರಿಗೂ ಬರುವದಿಲ್ಲ. ಮೋರ್‌ಬಾತಿನ ಹುಡುಗಿಯರಂತೆ ಒಂದು ದೀಪದ ಎಣ್ಣೆಯನ್ನು ನೋಡಿಕೊಳ್ಳುವ ಶಕ್ತಿಯು ಎಲ್ಲರಿಗೂ ಇದೆ. ಆ ದೀಪವು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಆರದಿರಲೆಂದು ಹಾರೈಸುತ್ತೇವೆ.